ನೆಗೆಣ್ಣಿಯ ನೀಲಿ ಉಗುರು

ನನ್ನ ನೆಗೆಣ್ಣಿಯನ್ನು ಕೊಂದದ್ದು ಬಾಣಂತಿ ಸನ್ನಿಯಲ್ಲ. ಪುಪ್ಪುಸಕ್ಕೆ ಹೋಗುವ ರಕ್ತನಾಳಗಳು ಒಳಗೊಳಗೇ ದಪ್ಪಗಟ್ಟಿ, ದಾರಿ ಸಣ್ಣದಾಗಿ, ಗುಂಡಿಗೆ ದೂಡಿ ದೂಡಿ ಸೋತಿತ್ತು. ಇದು ನನಗೆ ತಿಳಿದದ್ದು ಇಷ್ಟು ವರ್ಷದ ಮೇಲೆ, ಹೋದ ತಿಂಗಳು, ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ. ಅವಳ ಮಗಳ ಬೆರಳನ್ನು ಡಾಕ್ಟರಮ್ಮ ಬೆಳಕಿಗೆ ಹಿಡಿದಾಗ ಉಗುರು ನೇರಳೆ ಹಣ್ಣಿನ ಬಣ್ಣಕ್ಕಿತ್ತು. ಬಸುರಿದ್ದಾಗ ಇವಳ ಅವ್ವನ ಉಗುರೂ ಹೀಗೇ ನೀಲಿಗಟ್ಟಿತ್ತು.

ಮೈದುನನ ಹೆಂಡತಿಯಾಗಿ ಬಂದವಳು ಅವಳು. ರಟ್ಟೀಹಳ್ಳಿ ಕಡೆಯ ಹತ್ತಿ ಬೀಜದ ಹೊಲಗಳಲ್ಲಿ ಇಬ್ಬರೂ ಕ್ರಾಸಿಂಗ್ ಮಾಡುತ್ತಿದ್ದೆವು. ಗಂಡು ಹೂವನ್ನು ಹೆಣ್ಣು ಹೂವಿಗೆ ಒರೆಸಿ, ಮುಗಿದ ಹೂವಿಗೆ ಗುರುತಿಗೆಂದು ದಾರ ಕಟ್ಟುವ ಕೆಲಸ. ಅವಳ ಕೈ ಚುರುಕು, ಬಾಯಿ ಇನ್ನೂ ಚುರುಕು. "ಅಕ್ಕಾ, ನಿನ್ನ ಸಾಲಿನ ಹೂವು ಮುದುಕ್ಯಾರಾಗಾಕತ್ತಾವು, ಲಗೂ ಬಾ" ಎಂದು ಕಾಡುತ್ತಿದ್ದಳು. ಬಸುರಾದ ಮೇಲೆ ಮಾತ್ರ ಸಾಲಿನ ನಡುವೆಯೇ ಕೂತುಬಿಡುತ್ತಿದ್ದಳು. ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡಿದರೆ ಸರಿ ಇತ್ತು. ತೋಳಿನಲ್ಲಿ ಸರಿ ಇದ್ದು ಪುಪ್ಪುಸದಲ್ಲಿ ಏರಬಹುದೆಂದು ಯಾರಿಗೆ ಗೊತ್ತು? ಅತ್ತೆ ದೃಷ್ಟಿ ತೆಗೆದರು. ಹೆತ್ತ ವಾರದೊಳಗೆ ಒಂದು ಬೆಳಿಗ್ಗೆ ನೀರು ಕೇಳಿದಳು. ನಾನು ತಂಬಿಗೆ ತರುವುದರೊಳಗೆ... ಊರೆಲ್ಲ ಬಾಣಂತಿ ಸನ್ನಿ ಅಂತು.

ಕೂಸನ್ನು ನಾನೇ ಸಾಕಿ, ಮದುವೆ ಮಾಡಿ ಹಾನಗಲ್ಲಿಗೆ ಕೊಟ್ಟೆ. ಇನ್ನೂ ಬಸುರಾಗಿಲ್ಲವೆಂದು ಬೀಗಿತ್ತಿಗೆ ಅವಸರ. ಹುಡುಗಿ ಅಟ್ಟ ಹತ್ತಿದರೆ ತೇಕುತ್ತಾಳೆಂದು ನಾನು ಹುಬ್ಬಳ್ಳಿಗೆ ಕರೆದೊಯ್ದಿದ್ದೆ.

ಈ ರೋಗ ತಾಯಿಯಿಂದ ಬಂದಿರಬಹುದು ಎಂದರು ಡಾಕ್ಟರಮ್ಮ. ಆದರೆ ಹಾಗೆ ಹೆತ್ತವರಿಂದ ಪಡೆದವರೆಲ್ಲ ಕಾಯಿಲೆ ಬೀಳುವುದಿಲ್ಲವಂತೆ. ಜೀನುಗಳ ಮೇಲೆ ಗುರುತುಗಳಿರುತ್ತವಂತೆ. ಒಂದನ್ನು ಎಬ್ಬಿಸುತ್ತವೆ, ಇನ್ನೊಂದನ್ನು ಮಲಗಿಸುತ್ತವೆ. ಗುರುತು ತಪ್ಪಿದರೆ ನಾಳದ ಗೋಡೆ ನಿಲ್ಲದೆ ಬೆಳೆಯುತ್ತದೆ. ನನ್ನ ಕಣ್ಣ ಮುಂದೆ ಹತ್ತಿ ಹೂವಿನ ದಾರ ಬಂತು. ಹಾಗಾದರೆ ಆ ದಾರ ಬಿಚ್ಚುವ ಮದ್ದು ಇಲ್ಲವೇ ಎಂದು ಕೇಳಿದೆ.

"ಹುಡುಕಾಕತ್ತಾರವ್ವ. ಇಲಿಗೆ ಕೊಟ್ಟು ನೋಡ್ಯಾರ, ಮನುಷ್ಯಾರ ಮ್ಯಾಲೆ ಈಗೀಗ ಶುರು. ಬಿಚ್ಚಬಾರದ ದಾರನೂ ಬಿಚ್ಚಿದ್ರ ಹ್ಯಾಂಗ ಅಂತ ಅಂಜಿಕಿ ಐತಿ. ಸದ್ಯಕ್ಕ ನಾಳ ಸಡಿಲ ಮಾಡೋ ಗುಳಿಗಿ ಕೊಡ್ತೇನಿ. ಆದ್ರ ಈಕಿ ಬಸರಾಗಬಾರದು. ಜೀವಕ್ಕ ಕುತ್ತು."

ಹುಡುಗಿ ನೆಲ ನೋಡುತ್ತ, "ದೊಡ್ಡವ್ವಾ, ನಮ್ಮತ್ತಿಗೆ ಯಾರು ಹೇಳ್ತಾರ?" ಅಂದಳು.

ಅವ್ವನನ್ನು ತಿಂದದ್ದು ಮಗಳ ಎದೆಯಲ್ಲಿ ಕೂತಿದೆ; ಇಷ್ಟು ವರ್ಷ ನನ್ನ ಕೈಯಿಂದಲೇ ರೊಟ್ಟಿ ತಿಂದು ಬೆಳೆದ ಎದೆ ಅದು. ಆ ಮದ್ದು ಇವಳ ಕಾಲಕ್ಕೆ ಬರುತ್ತದೋ ಇಲ್ಲವೋ... ನೆಗೆಣ್ಣಿಗಂತೂ ಇಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹಾನಗಲ್ಲಿಗೆ ಹೋದೆ. ಬೀಗಿತ್ತಿ ಕುಂದ್ರಲು ಹೇಳಿದರು. ನಿಂತೇ ಎಲ್ಲ ಹೇಳಿದೆ. "ಮೊಮ್ಮಕ್ಕಳ ಆಸಿ ಬಿಡ್ರಿ. ಸೊಸಿ ಬೇಕೋ ಬ್ಯಾಡೋ, ಅದೊಂದು ಹೇಳ್ರಿ" ಅಂದೆ.

ಆಕೆ ಸೆರಗಿನ ತುದಿ ಹಿಂಡಿದರು. ಆಮೇಲೆ, "ಗುಳಿಗಿ ಉಣ್ಣೂಕಿಂತ ಮೊದಲೋ, ಉಂಡ ಮ್ಯಾಲೋ?" ಎಂದು ಕೇಳಿದರು.

ಚೀಲದಿಂದ ಗುಳಿಗೆ ತೆಗೆದು ಆಕೆಯ ಕೈಗೆ ಕೊಟ್ಟೆ.