ದಮ್ಮಡಿಯ ಮೇಲಿನ ಎಣ್ಣೆ ಕಲೆ

ಶ್ರಾವಣ ಸೋಮವಾರ, ರಾಣೆಬೆನ್ನೂರಿನ ಬಸ್ ನಿಲ್ದಾಣದ ಹತ್ತಿರ ಅಕ್ಕ ಎರಡು ಮಿರ್ಚಿ ಭಜಿ ತಿಂದಳು. ನಾನು ಮೂರು ತಿಂದೆ. ಇಷ್ಟನ್ನು ನಮ್ಮ ಭಜನೆಯ ಹೆಂಗಸರ ಮುಂದೆ ಹೇಳಬೇಕಾದ ಹೊತ್ತಿನಲ್ಲಿ ನಾನು ಹೇಳಲಿಲ್ಲ. ಬಾಯಿ ಮುಚ್ಚಿಕೊಂಡು ಕೂತಿದ್ದರೂ ಒಂದು ಮಾತಾಗಿತ್ತು. ತಿಂದೇ ಇಲ್ಲ ಅಂದೆ.

ಮೊದಲೇ ತಿಳಿಸಿಬಿಡುತ್ತೇನೆ, ಮಿರ್ಚಿ ತಿಂದದ್ದಕ್ಕಾಗಿ ನಾನು ಇದನ್ನು ಬರೆಯುತ್ತಿಲ್ಲ. ಅದಕ್ಕಾಗಿ ಯಾರ ಮುಂದೆಯೂ ತಲೆ ತಗ್ಗಿಸುವವಳಲ್ಲ. ಐದನೇ ಇಯತ್ತೆಗೆ ಶಾಲೆ ಬಿಟ್ಟವಳು, ಶಾಸ್ತ್ರ ಗೊತ್ತಿಲ್ಲ. ಆದರೆ ದೇವರನ್ನು ನೆನೆಯುವ ಬಾಯಿಗೆ ರುಚಿ ಇರಬಾರದು ಅನ್ನುವ ಶಾಸ್ತ್ರ ಎಲ್ಲಾದರೂ ಇದ್ದರೆ ಅದನ್ನು ಓದದೆ ಬಿಟ್ಟದ್ದೇ ಛಲೋ ಆಯಿತು.

ನಮ್ಮ ತವರು ಹಾವೇರಿ. ಅಪ್ಪ ಬೆಳಿಗ್ಗೆ ಜಳಕ ಮಾಡಿ ಲಿಂಗಪೂಜೆಗೆ ಕೂತರೆ ಮನೆಯಲ್ಲಿ ಪಾತ್ರೆ ಸದ್ದಾಗುವ ಹಾಗಿರಲಿಲ್ಲ. ಅದೇ ಅಪ್ಪ ದೀಪಾವಳಿಗೆ ಹೋರಿ ಬೆದರಿಸುವುದನ್ನು ನೋಡಲು ಹೋದರೆ, ಕೊಬ್ಬರಿ ಸರ ಹಾಕಿಕೊಂಡು ಓಡುವ ಹೋರಿಯ ಹಿಂದೆ ಕೇಕೆ ಹಾಕುತ್ತ ಓಡುತ್ತಿದ್ದ. ಮನೆಗೆ ಬರುವಷ್ಟರಲ್ಲಿ ಹಣೆಯ ವಿಭೂತಿ ಬೆವರಿನೊಂದಿಗೆ ಇಳಿದು ಮೀಸೆಗೆ ಬಂದಿರುತ್ತಿತ್ತು.

"ಮುಂಜಾನೆ ಶರಣ, ಮಧ್ಯಾಹ್ನ ಹುಡುಗ," ಎಂದು ಅವ್ವ ನಗುತ್ತಿದ್ದಳು.

"ಎರಡೂ ನಾನ ಅಲ್ಲೇನ?" ಅನ್ನುತ್ತಿದ್ದ ಅಪ್ಪ.

ಅಕ್ಕ ಅಪ್ಪನಿಂದ ಹಾಡು ಕಲಿತಳು. ನನಗೆ ಹಾಡು ಬರಲಿಲ್ಲ. ಮನೆಗೆ ಬಂದ ನೆಂಟರು, "ಅಕ್ಕ ಹಾಡ್ತಾಳ, ತಂಗಿ ತಿಂತಾಳ," ಎಂದು ನನ್ನ ಗಲ್ಲ ಹಿಂಡುತ್ತಿದ್ದರು. ಚಿಕ್ಕವಳಿದ್ದಾಗ ನಾನೂ ನಕ್ಕೆ. ದೊಡ್ಡವಳಾದ ಮೇಲೆ ಆ ಮಾತು ಎದೆಯಲ್ಲಿ ಎಲ್ಲೋ ಉಳಿದುಕೊಂಡಿತು ಅಂತ ಕಾಣುತ್ತದೆ.

ನಮ್ಮಿಬ್ಬರನ್ನೂ ಬ್ಯಾಡಗಿಗೆ, ಒಂದೇ ಓಣಿಗೆ ಕೊಟ್ಟರು. ಅಕ್ಕನ ಮನೆಯವರದು ಹಿಟ್ಟಿನ ಗಿರಣಿ, ನಮ್ಮದು ಕಿರಾಣಿ ಅಂಗಡಿ. ಮೆಣಸಿನಕಾಯಿ ಸುಗ್ಗಿ ಬಂದರೆ ನಾವಿಬ್ಬರೂ ಓಣಿಯ ಹೆಂಗಸರ ಜೊತೆ ತೊಟ್ಟು ಬಿಡಿಸಲು ಹೋಗುತ್ತೇವೆ. ಕೆಂಪು ರಾಶಿಯ ಮುಂದೆ ಸೆರಗು ಮೂಗಿಗೆ ಕಟ್ಟಿಕೊಂಡು ಕೂತರೆ ಸಂಜೆಗೆ ಅಂಗೈ ಬೆಂಕಿ. ಎಷ್ಟು ತೊಳೆದರೂ, ಎಣ್ಣೆ ಹಚ್ಚಿದರೂ ಹೋಗುವುದಿಲ್ಲ. ಆ ಕೈಯಲ್ಲೇ ಅಕ್ಕ ಸಂಜೆ ಲಿಂಗ ಹಿಡಿದು ಕೂರುವಳು.

"ಉರಿಯೂ ಕೈಯಾಗ ಲಿಂಗ ಹಿಡೀತಿಯಲ್ಲ, ನಡೀತೇತೇನ?" ಎಂದು ಒಮ್ಮೆ ಕೇಳಿದ್ದೆ.

"ಕೈ ನಂದು, ಉರಿ ನಂದು. ನಾ ಎಲ್ಲಿಂದ ಬಂದೇನಿ ಅಂತ ಆತಗ ಗೊತ್ತಿಲ್ಲೇನ?"

ಪೂಜೆ ಮುಗಿಯಿತೋ, ಅಕ್ಕ ಲಿಂಗವನ್ನು ಕಣ್ಣಿಗೊತ್ತಿಕೊಂಡು ಕೊರಳಿಗೆ ಹಾಕಿಕೊಂಡು, ನೇರ ಒಲೆಯ ಕಡೆ. ಈರುಳ್ಳಿ ಹೆಚ್ಚಿ ಮಂಡಕ್ಕಿಗೆ ಹಾಕಿ ಗಿರಮಿಟ್ ಕಲಸುವಳು. ಅದನ್ನು ತಿನ್ನುತ್ತ ಟಿವಿಯ ಧಾರಾವಾಹಿ ನೋಡುವಳು, ಅದರಲ್ಲಿನ ಅತ್ತೆಯನ್ನು ಬೈಯುವಳು. ತಲೆಯಲ್ಲಿ ಹೂವಿಲ್ಲದೆ ಅಕ್ಕ ಗಿರಣಿಗೂ ಹೋದವಳಲ್ಲ. ಪೂಜೆಯಲ್ಲಿ ಕೂತವಳು ಬೇರೆ, ಗಿರಮಿಟ್ ತಿನ್ನುವವಳು ಬೇರೆ ಅಂತ ನನಗೆ ಒಂದು ದಿನವೂ ಅನ್ನಿಸಲಿಲ್ಲ.

ನಮ್ಮ ಓಣಿಯ ಈಶ್ವರ ಗುಡಿಯಲ್ಲಿ ಸೋಮವಾರ ಸಂಜೆ ಹೆಂಗಸರ ಭಜನೆ. ಮುಂದೆ ಹಾಡುವವಳ ಕೈಯಲ್ಲಿ ದಮ್ಮಡಿ ಇರುತ್ತದೆ. ಚರ್ಮ ಬಿಗಿದ, ಸುತ್ತ ಗೆಜ್ಜೆ ಬಿಲ್ಲೆಗಳಿರುವ ಅಂಗೈಯಗಲದ ವಾದ್ಯ ಅದು. ಶುರುವಾಗುವ ಮೊದಲು ಅದಕ್ಕೂ ವಿಭೂತಿ ಹಚ್ಚಿ ಕೈ ಮುಗಿಯುತ್ತೇವೆ. ಮದುವೆಯಾಗಿ ಬಂದ ಸ್ವಲ್ಪ ದಿನಕ್ಕೇ ಅದು ಅಕ್ಕನ ಕೈಗೆ ಬಂದಿತ್ತು. ಶ್ರಾವಣದ ಸೋಮವಾರಗಳಲ್ಲಿ ನಮ್ಮ ಗುಂಪಿನ ಕಟ್ಟಳೆ ಒಪ್ಪತ್ತು. ಹಗಲೆಲ್ಲ ಏನೂ ತಿನ್ನದೆ, ಭಜನೆ ಮುಗಿಸಿ, ಮನೆಗೆ ಹೋಗಿ ಒಂದೇ ಊಟ.

ಹೋದ ವರ್ಷದ ಶ್ರಾವಣದಲ್ಲಿ ದಮ್ಮಡಿಯ ಚರ್ಮ ಹರಿಯಿತು. ಅದನ್ನು ಕಟ್ಟಿಸಿಕೊಂಡು ಬರಲು ಸೋಮವಾರ ಬೆಳಿಗ್ಗೆ ನಾವಿಬ್ಬರೂ ರಾಣೆಬೆನ್ನೂರಿನ ಬಸ್ಸು ಹತ್ತಿದೆವು. ತಬಲಾ, ಡೊಳ್ಳು ರಿಪೇರಿ ಮಾಡುವ ಚಾಚಾ ಹೊಸ ಚರ್ಮ ಬಿಗಿದು ಬಿಸಿಲಿಗೆ ಇಟ್ಟ. "ಆರಬೇಕ್ರಿ ಅಕ್ಕಾರ. ಲಗೂ ಮಾಡಿದ್ರ ಆವಾಜ್ ಬರೂದಿಲ್ಲ," ಅಂದ. ಆರಿ ಕೈಗೆ ಬರುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಬಸ್ಸಿಗೆ ಕಾಯುವಾಗ ಎದುರಿನ ಗಾಡಿಯಲ್ಲಿ ಮಿರ್ಚಿ ಕರಿಯುತ್ತಿದ್ದರು. ಆ ವಾಸನೆ ಬಂದರೆ ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ. ಹೋಗಿ ತಂದೆ.

"ಸೋಮವಾರ ಅಲ್ಲಲೇ," ಅಂದಳು ಅಕ್ಕ.

"ನೀ ಬಿಡು. ನಾ ತಿಂತೇನಿ."

ನಾನು ಒಂದು ಮುಗಿಸುವ ತನಕ ಅಕ್ಕ ರಸ್ತೆ ನೋಡುತ್ತ ನಿಂತಿದ್ದಳು. ಆಮೇಲೆ ಕೈ ಚಾಚಿದಳು. "ತಾ ಇಲ್ಲೆ. ಹೊಟ್ಟಿ ಗುರುಗುಡೂದನ್ನ ಕೇಳ್ಕೋತ ಹಾಡಿದ್ರ ಹಾಡು ಯಾರಿಗೆ ಮುಟ್ಟತೈತಿ? ದೇವರು ಬರೇ ಸೋಮವಾರ ನೋಡ್ತಾನೇನ ನನ್ನ, ಮಂಗಳವಾರನೂ ನೋಡ್ತಾನ." ಕಣ್ಣು ಮುಚ್ಚಿಕೊಂಡು, ಪೂಜೆಗೆ ಕೂತಷ್ಟೇ ಸಮಾಧಾನದಿಂದ ತಿಂದಳು. ಬಸ್ಸು ಬಂತು. ಅಕ್ಕ ಭಜನೆಗೆಂದು ಕೊಂಡಿದ್ದ ಹೂವಿನ ಚೀಲ ಹಿಡಿದಳು. ನಾನು ಕೈ ಒರೆಸಿಕೊಳ್ಳದೆ ದಮ್ಮಡಿ ಎತ್ತಿಕೊಂಡು ಓಡಿದೆ.

ಅಂದು ಸಂಜೆ ಗುಡಿಯಲ್ಲಿ ವಿಭೂತಿ ಹಚ್ಚಲು ದಮ್ಮಡಿಯನ್ನು ಕೈಗೆ ತೆಗೆದುಕೊಂಡದ್ದು ಗುಂಪಿನ ಹಿರಿಯಳು. ನಾವೆಲ್ಲ ಆಕೆಯನ್ನು ಆಯಿ ಅನ್ನುತ್ತೇವೆ. ದೀಪದ ಹತ್ತಿರ ಹಿಡಿದು ನೋಡಿದಳು. ಹೊಸ ಚರ್ಮದ ಅಂಚಿನಲ್ಲಿ ಹೆಬ್ಬೆರಳಿನಷ್ಟು ಎಣ್ಣೆ ಇಂಗಿತ್ತು.

"ಇದೇನ ಇದು?"

"ಮಿರ್ಚಿ ಎಣ್ಣಿ ಇರಬೇಕು ಆಯಿ," ಅಂದಳು ಅಕ್ಕ.

"ಸೋಮವಾರ?"

"ಹೌದ್ರಿ. ಹಸಿವಾಗಿತ್ತು, ತಿಂದೆ. ಛಲೋ ಇದ್ದೂ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆಯಿ ನಗಲಿಲ್ಲ. "ಓಣಿ ಮಂದಿಯೆಲ್ಲ ಒಪ್ಪತ್ತು ಮಾಡ್ಯಾರ. ಮುಂದ ಹಾಡಾಕಿ ಮಿರ್ಚಿ ಹೊಡದು ಬಂದಾಳ. ಇದಕ್ಕ ಭಜನಿ ಅಂತಾರೇನವಾ?"

"ಹಾಡು ಕೇಳಿ ಹೇಳ್ರಿ ಆಯಿ, ಕೆಟ್ಟೈತೇನ ಅಂತ."

ಆಗ ಆಯಿ ನನ್ನ ಕಡೆ ತಿರುಗಿದಳು. "ನೀನೂ ಸಂಗಾಟ ಇದ್ದೆಲ್ಲ. ನೀ ತಿಂದೇನ?"

ಹೆಂಗಸರೆಲ್ಲ ನನ್ನನ್ನು ನೋಡಿದರು. ತಿನ್ನುವ ತಂಗಿ ಅಂತಲೇ ನನ್ನನ್ನು ಬಲ್ಲವರು. ಹೆದರಿಕೆ ಇತ್ತು, ಸುಳ್ಳಲ್ಲ. ಆದರೆ ಬರೀ ಹೆದರಿಕೆಯಾಗಿದ್ದರೆ ಇಷ್ಟು ದಿನ ಚುಚ್ಚುತ್ತಿರಲಿಲ್ಲ. ಒಂದು ಸಲವಾದರೂ ಈ ಮಂದಿ ನನ್ನನ್ನು ಭಕ್ತಿವಂತಳು ಅನ್ನಲಿ, ಅಕ್ಕನಿಗಿಂತ ಒಂದು ಮೆಟ್ಟಿಲು ಮೇಲೆ ಕೂರಿಸಲಿ ಎಂಬ ಆಸೆ ಆ ಹೊತ್ತಿನಲ್ಲಿ ಬಂತು.

"ಇಲ್ಲ ಆಯಿ," ಅಂದೆ. "ನಂದು ಒಪ್ಪತ್ತು."

ಅಕ್ಕ ನನ್ನ ಮುಖ ನೋಡಿದಳು. ಎದ್ದು ಕಂಬದ ಹತ್ತಿರ ಹಿಂದೆ ಹೋಗಿ ಕೂತಳು. ಆಯಿ ದಮ್ಮಡಿಯನ್ನು ನನ್ನ ಮಡಿಲಿಗೆ ಇಟ್ಟಳು.

ಮುಂದಿನ ಸೋಮವಾರವೂ ಅಕ್ಕ ಬಂದಳು, ಕಂಬದ ಹತ್ತಿರ ಕೂತು ಚಪ್ಪಾಳೆ ತಟ್ಟಿದಳು. ನಾನು ಎತ್ತಿಕೊಂಡ ಹಾಡು ಎರಡನೇ ಸಾಲಿಗೇ ದಾರಿ ತಪ್ಪಿತು. ಅಕ್ಕ ಹಿಂದಿನಿಂದ ಮೆಲ್ಲಗೆ ಎಳೆದು ದಾರಿಗೆ ತಂದಳು. ಆಯಿ ತಿರುಗಿ ನೋಡಿದ್ದಕ್ಕೆ ಸುಮ್ಮನಾದಳು. ಆಮೇಲೆ ಬರುವುದನ್ನೇ ಬಿಟ್ಟಳು.

ನನ್ನ ಮೇಲೆ ಸಿಟ್ಟಾಗಿದ್ದರೆ ನಾನು ತಿರುಗಿ ಜಗಳ ಮಾಡಿ ಹಗುರಾಗುತ್ತಿದ್ದೆ. ಸಿಟ್ಟಾಗಲಿಲ್ಲ. ಎಂದಿನಂತೆ ಮನೆಗೆ ಬಂದಳು, ಸುಗ್ಗಿಯಲ್ಲಿ ನನ್ನ ಪಕ್ಕದಲ್ಲೇ ಕೂತು ತೊಟ್ಟು ಬಿಡಿಸಿದಳು. ಒಂದು ಸೋಮವಾರ ಮಿರ್ಚಿ ಕರಿದು ತಟ್ಟೆಯಲ್ಲಿ ಮುಚ್ಚಿ ತಂದವಳು ಬಾಗಿಲಲ್ಲೇ ನಿಂತಳು. "ಅಯ್ಯ, ಮರತೆ ನೋಡು. ನಿಂದು ಒಪ್ಪತ್ತು ಅಲ್ಲಾ? ನಾಳೆ ತಿನ್ನು, ಆರಿರತಾವ," ಎಂದು ತಟ್ಟೆ ಇಟ್ಟು ಹೋದಳು. ಅವಳು ಚುಚ್ಚಿದ್ದು ಅದೊಂದೇ ಸಲ.

ದಮ್ಮಡಿ ಹಿಡಿದವಳು ಎಂದು ನಾನು ವರ್ಷವಿಡೀ ಸೋಮವಾರ ಒಪ್ಪತ್ತು ಮಾಡಿದೆ, ಕಟ್ಟಳೆ ಇದ್ದದ್ದು ಶ್ರಾವಣಕ್ಕಷ್ಟೇ ಆದರೂ. ಎಲ್ಲರೂ ಹೊಗಳಿದರು. ಹೊಟ್ಟೆ ಖಾಲಿ ಇಟ್ಟುಕೊಂಡು ದೇವರ ಮುಂದೆ ಕೂತು ನಾನು ಧ್ಯಾನಿಸಿದ್ದು ಊಟದ ತಟ್ಟೆಯನ್ನು. ಅತ್ತ ಅಕ್ಕನ ಅಡುಗೆಮನೆಯಿಂದ ಕರಿಯುವ ಸದ್ದಿನ ಜೊತೆ ಹಾಡು ಓಣಿಗೆ ಕೇಳುತ್ತಿತ್ತು. ಗುಡಿಗೆ ಹೋಗುವ ಹೆಂಗಸರು ಅಲ್ಲಿ ಹೆಜ್ಜೆ ನಿಧಾನ ಮಾಡುತ್ತಿದ್ದರು. ನಾನು ಜೋರಾಗಿ ನಡೆಯುತ್ತಿದ್ದೆ.

ದಮ್ಮಡಿ ಬಾರಿಸುವಾಗ ಕಣ್ಣೆದುರಿಗೇ ಆ ಕಲೆ. ದಿನ ಹೋದಂತೆ ಕಂದು ಬಣ್ಣಕ್ಕೆ ತಿರುಗಿತು. ಎಲ್ಲರೂ ಅದು ಅಕ್ಕನದು ಅಂತ ತಿಳಿದಿದ್ದರು. ನನ್ನ ಹೆಬ್ಬೆರಳು ಪ್ರತಿ ಸಲ ಅದರ ಮೇಲೇ ಹೋಗಿ ಕೂರುತ್ತಿತ್ತು.

ಈ ವರ್ಷ ಶ್ರಾವಣ ಶುರುವಾಗುವ ಹೊತ್ತಿಗೆ ಆಯಿ ಅಂದಳು, "ಎಣ್ಣಿ ಕುಡದ ಚರ್ಮ ಸಡಿಲಾಗೇತಿ. ರಾಣೆಬೆನ್ನೂರಿಗೆ ಹೋಗಿ ಬ್ಯಾರೇದು ಕಟ್ಟಿಸ್ಕೊಂಡ ಬಾರವಾ. ಹಳೇ ಕಲೆ ಹೋಗಲಿ."

ಮೊದಲ ಸೋಮವಾರ ಒಬ್ಬಳೇ ಹೋದೆ. ಚಾಚಾ ದಮ್ಮಡಿಯನ್ನು ತಿರುಗಿಸಿ ನೋಡಿದ, ಚರ್ಮ ಕೊಯ್ಯಲು ಚೂರಿ ತೆಗೆದ. "ಯಾರೋ ಎಣ್ಣಿ ಕೈಯಾಗ ಹಿಡದಾರ ನೋಡ್ರಿ. ನಾ ಕಟ್ಟಿದ್ದು ಇಷ್ಟು ಲಗೂ ಸಡಿಲಾಗೂದಲ್ಲ." ಚೂರಿಯ ತುದಿ ಅಂಚಿಗೆ ಬಂದಿತ್ತು. ಈ ಚರ್ಮ ಕಸದ ಬುಟ್ಟಿಗೆ ಹೋದರೆ ಮುಗಿಯಿತು, ನಾನು ಮತ್ತೆಂದೂ ಬಾಯಿ ಬಿಡುವುದಿಲ್ಲ ಎಂದು ನನಗೆ ನನ್ನ ಬಗ್ಗೆ ಗೊತ್ತಿತ್ತು.

"ಬಿಡ್ರಿ ಚಾಚಾ," ಅಂದೆ. "ಇವತ್ತು ಬ್ಯಾಡ."

"ಅಲ್ರಿ, ಇದಕ್ಕಂತನ ಬಂದೀರಿ."

"ಇನ್ನೊಮ್ಮೆ ತರತೇನಿ. ಹಿಡಿದಾಕಿ ಯಾರು ಅಂತ ಮೊದಲ ಹೇಳಿ ಬರತೇನಿ."

ಅವನಿಗೆ ಏನು ತಿಳಿಯಿತೋ, ನಕ್ಕು ದಮ್ಮಡಿ ತಿರುಗಿ ಕೊಟ್ಟ. ನಾನು ನೇರ ಆ ಗಾಡಿಗೆ ಹೋಗಿ ಮಿರ್ಚಿ ತೆಗೆದುಕೊಂಡೆ. ರಸ್ತೆಯ ಮೇಲೆ, ಬಿಸಿಲಲ್ಲಿ, ಬ್ಯಾಡಗಿಯ ಬಸ್ಸಿನ ಮಂದಿಯೆಲ್ಲ ನೋಡುವಂತೆ ನಿಂತು ತಿಂದೆ. ಒಂದು ವರ್ಷದಲ್ಲಿ ಮೊದಲ ಸಲ ಸೋಮವಾರದ ದಿನ ನನಗೆ ದೇವರ ನೆನಪು ತಾನಾಗಿ ಬಂತು. ಆಣೆ ಮಾಡಿ ಹೇಳುತ್ತೇನೆ, ಬಾಯಲ್ಲಿ ಖಾರ ಇರುವಾಗಲೇ ಬಂತು.

ಸಂಜೆ ಗುಡಿಗೆ ಹೋಗುವ ಮುಂಚೆ ಅಕ್ಕನ ಮನೆಗೆ ಹೋದೆ. ಒಲೆಯ ಮುಂದೆ ನಿಂತಿದ್ದಳು.

"ಗುಡಿಗೆ ಬಾ."

"ಎಣ್ಣಿ ಕಾದೈತಿ. ನೀ ಹೋಗು."

"ಬಾಣಲಿ ಇಳಿಸು. ಇವತ್ತೊಂದು ದಿನ ಬಾ ಅಕ್ಕಾ. ಹಾಡಬ್ಯಾಡ, ಬರೇ ಕುಂದ್ರು."

ಏನೋ ಇದೆ ಎಂದು ಅವಳಿಗೆ ಗೊತ್ತಾಯಿತು. ಒಲೆ ಆರಿಸಿ, ಕನ್ನಡಿ ನೋಡಿ ಹೂವು ಸರಿ ಮಾಡಿಕೊಂಡೇ ಹೊರಟಳು.

ಹೆಂಗಸರೆಲ್ಲ ಕೂತಿದ್ದರು. ಆಯಿ ದಮ್ಮಡಿಗೆ ಕೈ ಚಾಚಿದವಳು ಹಳೆಯ ಚರ್ಮ ನೋಡಿ ಹುಬ್ಬು ಗಂಟಿಕ್ಕಿದಳು. "ಕಟ್ಟಿಸಲಿಲ್ಲೇನ?"

ನಾನು ಕೂರಲಿಲ್ಲ. ದಮ್ಮಡಿಯನ್ನು ದೀಪದ ಹತ್ತಿರ ಹಿಡಿದು, ಹೆಬ್ಬೆರಳನ್ನು ಆ ಕಲೆಯ ಮೇಲೆ ಇಟ್ಟು ತೋರಿಸಿದೆ.

"ಇದು ನಂದು ಆಯಿ. ಅವತ್ತು ಮಿರ್ಚಿ ತಂದಾಕಿ ನಾನು, ಮೊದಲ ತಿಂದಾಕಿ ನಾನು, ಹೆಚ್ಚಿಗೆ ತಿಂದಾಕೀನೂ ನಾನು. ಇವತ್ತೂ ತಿಂದು ಬಂದೇನಿ."

"ಶ್ರಾವಣದಾಗ, ಗುಡಿಯಾಗ ನಿಂತು ಹೇಳೂ ಮಾತೇನ ಇದು? ನಾಚಿಕಿ ಬರೂದಿಲ್ಲ?"

"ತಿಂದಿದ್ದಕ್ಕ ಬರೂದಿಲ್ಲ ಆಯಿ. ನೀವು ಒಪ್ಪತ್ತು ಮಾಡ್ರಿ, ನಾ ಬ್ಯಾಡನ್ನೂದಿಲ್ಲ, ಅದು ನಿಮ್ಮ ಭಕ್ತಿ. ನಾ ವರ್ಷಪೂರ್ತಿ ಮಾಡಿದ್ದು ಭಕ್ತಿ ಅಲ್ಲ, ಅಂಜಿಕಿ. ದಮ್ಮಡಿ ಯಾರಿಗೆ ಬೇಕಾದ್ರೂ ಕೊಡ್ರಿ. ನಾ ಮಾತ್ರ ಇನ್ನ ಹಿಡಿಯೂದಿಲ್ಲ."

ಯಾರೂ ನಗಲಿಲ್ಲ. ಕಂಬದ ಹತ್ತಿರ ಅಕ್ಕ ತಲೆ ತಗ್ಗಿಸಿ ಸೆರಗಿನ ತುದಿ ಸುತ್ತುತ್ತಿದ್ದಳು. "ಸಾಕು, ಕುಂದ್ರಲೇ," ಅಂದಳು ಮೆಲ್ಲಗೆ, ಚಿಕ್ಕವರಿದ್ದಾಗ ಅಪ್ಪನ ಪೂಜೆಯ ಹೊತ್ತಿನಲ್ಲಿ ನನ್ನನ್ನು ಸುಮ್ಮನಿರಿಸುತ್ತಿದ್ದ ದನಿಯಲ್ಲಿ.

ನಾನು ಹೋಗಿ ದಮ್ಮಡಿಯನ್ನು ಅವಳ ಮುಂದೆ ನೆಲದ ಮೇಲೆ ಇಟ್ಟೆ. ಮನೆಯಲ್ಲಿ, ಸುಗ್ಗಿಯಲ್ಲಿ, ಬಸ್ಸಿನಲ್ಲಿ ಹೇಳಬೇಕೆಂದು ಹೇಳದೆ ಉಳಿದದ್ದನ್ನು ಕಡೆಯ ಸಾಲಿನವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

"ಅಕ್ಕಾ, ನಿನ್ನನ್ನ ಒಬ್ಬಾಕಿನ್ನ ತಪ್ಪಿನಾಗ ನಿಲ್ಲಿಸಿ ನಾ ಸರಕೊಂಡೆ. ನಿನ್ನ ಹಾಡು ಕಸಕೊಂಡೆ. ತಪ್ಪಾತು."