ಅಕ್ಕಿ ಡಬ್ಬಿಯ ಮೇಲಿದ್ದ ಬಿಳಿ ತಟ್ಟೆ

ಯಾವ ಬಿಡಿಭಾಗ ಕೊಟ್ಟರೂ ರಿಪೇರಿ ತಾತ ಮೊದಲು ಅದನ್ನು ಕೆಳದುಟಿಗೆ ಮುಟ್ಟಿಸಿಕೊಳ್ಳುತ್ತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದು ಗುಡ್ಡೆಗಳು ಗಂಜಿತಿಳಿಯ ಬಣ್ಣಕ್ಕೆ ತಿರುಗಿದ್ದವು. ಹಿತ್ತಾಳೆಯೋ ಉಕ್ಕೋ ಎಂಬುದು ತುಟಿಯ ತಂಪಿನಲ್ಲೇ ತಿಳಿಯುತ್ತಿತ್ತು. ಉಳಿದದ್ದನ್ನು ಬೆರಳುಗಳು ಹುಡುಕಿಕೊಳ್ಳುತ್ತಿದ್ದವು. ತುಟಿಯ ನಡುವೆ ಸದಾ ಒಂದು ಎಣ್ಣೆಕಲೆ.

ರಾಜಾಜಿನಗರದ ನಮ್ಮ ಬೀದಿಯ ತಿರುವಿನಲ್ಲಿ, ಹಿಟ್ಟಿನ ಗಿರಣಿಗೆ ಒತ್ತಿಕೊಂಡ ಅಂಗಡಿ ಅವರದು. ಎಲ್ಲರೂ ಟೇಪ್‌ರೆಕಾರ್ಡರ್ ಕೊಳ್ಳುತ್ತಿದ್ದ ಎಂಬತ್ತರ ದಶಕದಲ್ಲಿ ಅವರು ಹಳೆಯ ಗ್ರಾಮಫೋನ್ ಬಿಚ್ಚುತ್ತ ಕೂತಿರುತ್ತಿದ್ದರು. ಬೀದಿಗೆಲ್ಲ ಅವರು ರಿಪೇರಿ ತಾತ. ಹಾರಿಬಂದ ರಾಗಿಹಿಟ್ಟನ್ನು ಕೋಳಿಪುಕ್ಕದಿಂದ ಒರೆಸುತ್ತ, "ನಿನ್ನ ದೆಸೆಯಿಂದ ನನ್ನ ಪೆಟ್ಟಿಗೆಗಳೆಲ್ಲ ಮುದ್ದೆ ಆಗೋಗ್ತವೆ ಕಣಯ್ಯಾ" ಎಂದು ಗೊಣಗುವರು. "ಹಾಡಿ ಹಾಡಿ ಹಸಿದಿರ್ತವೆ, ತಿನ್ಲಿ ಬಿಡಿ ತಾತ" ಎಂದು ಗಿರಣಿಯವನು ಆಚೆಯಿಂದ.

ನಮ್ಮ ಮನೆಯಲ್ಲಿ ಮಾವನವರ ಗ್ರಾಮಫೋನ್ ಇತ್ತು. ನಾನು ಸೊಸೆಯಾಗಿ ಬರುವ ಎಷ್ಟೋ ಮೊದಲೇ ಅವರು ತೀರಿಕೊಂಡಿದ್ದರು. ಒಮ್ಮೆ ಧೂಳು ಕೊಡವುವಾಗ ಪೆಟ್ಟಿಗೆಯ ಮೂಲೆಯಲ್ಲಿ ಬಟ್ಟೆ ಸುತ್ತಿದ ವಸ್ತುವೊಂದು ಸಿಕ್ಕಿತು. ಸೂಜಿ ಸಿಕ್ಕಿಸುವ ಗುಂಡು ಡಬ್ಬಿಯ ಹಾಗೇ ಇತ್ತು. ಆದರೆ ಎರಡರಷ್ಟು ಭಾರ, ತುದಿ ಮೊಂಡು. ನಮ್ಮನೆಯವರು "ಗುಜರಿಗೆ ಹಾಕು" ಎಂದರು. ನನಗೆ ಮನಸ್ಸು ಬರಲಿಲ್ಲ. ತಾತನ ಹತ್ತಿರ ಒಯ್ದೆ.

"ಏನಿದು ತಾತ?"

"ಏನಿದು ಅಂತ ಕೇಳ್ಬಾರ್ದು ಅಮ್ಮಣ್ಣಿ. ಯಾವುದರ ಪಕ್ಕ ಕೂತಿತ್ತು ಅಂತ ಕೇಳ್ಬೇಕು." ಅದು ಅವರು ಯಾವಾಗಲೂ ಹೇಳುವ ಮಾತು. ತುಟಿಗೆ ಮುಟ್ಟಿಸಿದರು. ಮೊಂಡು ತುದಿಯನ್ನು ಉಗುರಿನ ಮೇಲೆ ಮೆಲ್ಲಗೆ ಎಳೆದರು. ಕೈ ನಿಂತಿತು.

"ಇದು ಹಾಡಿಸೋದಲ್ಲ, ಹಾಡನ್ನ ಬರೆಯೋದು. ಮನೇಲೇ ಕೂತು ಧ್ವನಿ ಹಿಡೀತಿದ್ರು. ನನ್ನ ಕೈಗೆ ಬಂದಿರೋದು ಇದು ಎರಡನೇದು. ಇದರ ಜತೆ ಬೆಳ್ಳಗೆ ಒಂದು ಅಲ್ಯುಮಿನಿಯಂ ತಟ್ಟೆ ಇರ್ಬೇಕಲ್ಲ, ನಡುವೆ ತೂತು?"

ಆ ತಟ್ಟೆ ಅಟ್ಟದ ಪಾತ್ರೆಗಳ ನಡುವೆ ನನಗೆ ಸಿಕ್ಕಿತ್ತು. ಮುಚ್ಚಳವೆಂದುಕೊಂಡು, ತೂತಿಗೆ ದಾರ ಪೋಣಿಸಿ ಹಿಡಿ ಮಾಡಿ, ಅಕ್ಕಿ ಡಬ್ಬಿಗೆ ಮುಚ್ಚಿದ್ದೆ. ಗೌರಿ ಹಬ್ಬಕ್ಕೆ ಅದರ ಮೇಲ್ಭಾಗವನ್ನು ಬೂದಿ, ತೆಂಗಿನ ನಾರು ಹಾಕಿ ತಿಕ್ಕಿದ್ದೆ. ಮಂಡಿನೋವಿನ ಅತ್ತೆ ಅಡುಗೆಮನೆಗೆ ಬರುತ್ತಿರಲಿಲ್ಲ. ಮನೆ ಬದಲಿಸುವಾಗ ಆ ತಟ್ಟೆ ಕಳೆದೇಹೋಯಿತೆಂದು ಅವರು ಸುಮ್ಮನಾಗಿದ್ದರು.

ತಟ್ಟೆ ತಂದುಕೊಟ್ಟೆ. ತಾತ ಎರಡೂ ಕಡೆ ಉಗುರಾಡಿಸಿದರು. ಒಂದು ಕಡೆ ಉಗುರು ಸಣ್ಣ ಗೆರೆಗಳಿಗೆ ಸಿಕ್ಕಿ ತಡವರಿಸಿತು. ಇನ್ನೊಂದು ಕಡೆ ಜಾರಿಹೋಯಿತು.

"ಯಾರು ತಿಕ್ಕಿದ್ದು?"

"ನಾನೇ ತಾತ."

ಅವರು ಬಹಳ ಹೊತ್ತು ತಟ್ಟೆಯನ್ನು ಪಂಚೆಯ ತುದಿಯಿಂದ ಒರೆಸಿದರು. ಆಮೇಲೆ, "ಉಕ್ಕಿನ ಸೂಜಿ ಇಟ್ರೆ ಉಳಿದಿರೋದೂ ಕಿತ್ಕೊಂಡು ಹೋಗುತ್ತೆ. ಬಿದಿರಿಂದು ಕೆತ್ತಬೇಕು" ಎಂದಷ್ಟೇ ಹೇಳಿದರು.

ವಾರದ ನಂತರ, ತಾತ ತಟ್ಟೆಯನ್ನು ಅಂಗಡಿಯಲ್ಲಿ ಒಮ್ಮೆ ಹಾಕಿ ಕೇಳಿ, ಬೆಂಕಿಪೊಟ್ಟಣದಲ್ಲಿ ಬಿದಿರಿನ ಸೂಜಿಗಳನ್ನಿಟ್ಟುಕೊಂಡು, ಕಾಂಪೌಂಡಿನ ಗೋಡೆ ತಡವುತ್ತ ಮನೆಗೇ ಬಂದರು. ತಟ್ಟೆ ಸಿಕ್ಕಿದೆ ಎಂದಷ್ಟೇ ನಾನು ಹೇಳಿದ್ದೆ, ಅತ್ತೆ ಎತ್ತಿಟ್ಟಿದ್ದ ಹಸಿರು ಸೀರೆ ಉಟ್ಟು ಕೂತಿದ್ದರು.

"ಒಂದು ಕಡೆ ನಮ್ಮ ಯಜಮಾನರು ಹಾಡಿದ್ರು. ಇನ್ನೊಂದು ಕಡೆ ನಂದು. ಅವರದ್ದೇ ಮೊದಲು ಹಾಕಿ" ಎಂದರು.

"ಆ ಕಡೆ ಹಿಡಿದೇ ಇಲ್ಲ ಅಮ್ಮಾವ್ರೇ. ಆ ಕಾಲದ ಸಾಮಾನು, ಎಷ್ಟೋ ಸಲ ಹಿಂಗಾಗೋದು." ತಾತ ನನ್ನ ಕಡೆ ತಿರುಗಲಿಲ್ಲ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಅತ್ತೆಯ ಮುಖ ಬಾಡಿತು.

ಇನ್ನೊಂದು ಕಡೆ ಹಾಕಿದರು. ಸಾಸಿವೆ ಸಿಡಿದಂಥ ಸದ್ದು. ಅದರೊಳಗಿಂದ ಒಬ್ಬ ಹುಡುಗಿ: "ನಾನೇನು ಹೇಳ್ಲಿ?" ದೂರದಿಂದ ಗಂಡಸಿನ ದನಿ: "ಏನಾದ್ರೂ ಹೇಳೇ, ಸೂಜಿ ಓಡ್ತಾ ಇದೆ." ಹುಡುಗಿ ನಕ್ಕಳು. "ಊಟಕ್ಕೆ ಏಳಿ ಮತ್ತೆ."

ಅಷ್ಟೇ. ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡು, "ಇನ್ನೊಂದ್ಸಲ" ಎಂದರು. ತಾತ ಸೂಜಿ ಬದಲಿಸಿ ಇನ್ನೊಮ್ಮೆ ಹಾಕಿದರು. ಮೂರನೆಯ ಸಲಕ್ಕೆ ಒಪ್ಪಲಿಲ್ಲ. "ಸವೆಯುತ್ತೆ ಅಮ್ಮಾವ್ರೇ. ವರ್ಷಕ್ಕೊಂದ್ಸಲ ಕೇಳಿ."

ಆಮೇಲೆ ಮೂರು ವರ್ಷ, ಅದೇ ತಾರೀಖು ಬಂದಾಗ ತಾತನೇ ಹೊಸ ಬಿದಿರು ಕೆತ್ತಿಕೊಂಡು ಬರುತ್ತಿದ್ದರು. ನಾಲ್ಕನೆಯ ವರ್ಷ ಬಂದವನು ಗಿರಣಿಯವನು. ತಲೆಯಿಂದ ಹಿಟ್ಟು ಕೂಡ ಒರೆಸಿಕೊಂಡಿರಲಿಲ್ಲ. "ತಾತ ಹೋಗ್ಬಿಟ್ರು ಅಕ್ಕಾ. ಬೆಳಿಗ್ಗೆ ಬಾಗಿಲು ತೆಗೀಲಿಲ್ಲ ಅಂತ ನೋಡಿದ್ರೆ..."

ಮಣ್ಣು ಮುಗಿದ ಸಂಜೆ ಅತ್ತೆಗೆ ಎಲ್ಲ ಹೇಳಿಬಿಟ್ಟೆ. ಅಕ್ಕಿ ಡಬ್ಬಿ, ಬೂದಿ, ತೆಂಗಿನ ನಾರು, ಎಲ್ಲ. ಅವರು ಅಳುತ್ತಿದ್ದರು, ಯಾರಿಗಾಗಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಕೊನೆಗೆ, "ಆವತ್ತೇ ಗೊತ್ತಾಗಿದ್ರೆ ನಿನ್ನ ಜತೆ ಮಾತು ಬಿಡ್ತಿದ್ದೆ ಕಣೇ" ಎಂದರು.

ಬಿಡುತ್ತಿದ್ದರು, ನನಗೆ ಗೊತ್ತು. ಆ ನಾಲ್ಕು ವರ್ಷಗಳಲ್ಲಿ ಅವರು ನನಗೆ ಸೀರೆ ಮಡಿಸುವುದು ಹೇಳಿಕೊಟ್ಟಿದ್ದರು, ಬಾಣಂತನ ಮಾಡಿದ್ದರು, ಸಿಟ್ಟಾಗಿ ಬೈದಿದ್ದರು, ಮಗಳೇ ಎಂದು ಕರೆದಿದ್ದರು. ಆ ಮಾತುಗಳಷ್ಟನ್ನೂ ನನಗೆ ಉಳಿಸಿಕೊಟ್ಟವರು ತಾತ. ಅದನ್ನು ಮಾತ್ರ ನಾನು ಅವರಿಗೆ ಒಂದು ಸಲವೂ ಬಾಯಿಬಿಟ್ಟು ಹೇಳಲಿಲ್ಲ.