ಅಂಟಿಸಿದ ಪುಟ, ಬಿಟ್ಟ ಪುಟ

ಹೈಟೆಕ್ ಸಿಟಿಯ ಕಡೆ ಬಂಡೆ ಒಡೆದಲ್ಲೆಲ್ಲ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಅವುಗಳ ಬೆನ್ನಿಗೇ ಹುಟ್ಟಿಕೊಂಡ ಶಾಲೆಯೊಂದರಲ್ಲಿ ನಾನು ಗ್ರಂಥಪಾಲಕಿಯಾಗಿದ್ದೆ. ಮನೆ ಕಾಚಿಗೂಡದಲ್ಲಿ. ಕೋಠಿಯಲ್ಲಿ ಬಸ್ಸು ಬದಲಿಸಿ ಶಾಲೆ ಮುಟ್ಟುವಷ್ಟರಲ್ಲಿ ಸೀರೆಯ ನೆರಿಗೆಯೆಲ್ಲ ಕೆಟ್ಟಿರುತ್ತಿತ್ತು.

ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಪಾಲಕರೊಬ್ಬರು ಜಪಾನಿನಿಂದ ಬಂದವರೇ ಲೈಬ್ರರಿಗೆ ಒಂದು ಪೆಟ್ಟಿಗೆ ಕಾಮಿಕ್ಸ್ ಕೊಟ್ಟರು. ಒಂದೇ ಕಥೆಯ ಸರಣಿ, ಇಂಗ್ಲಿಷಿಗೆ ಅನುವಾದವಾಗಿದ್ದದ್ದು. ಅದನ್ನು ಹಿಂದಿನಿಂದ ಮುಂದಕ್ಕೆ, ಬಲದಿಂದ ಎಡಕ್ಕೆ ಓದಬೇಕು. ಮುಖಪುಟದಲ್ಲಿ ನಗುವ ಹುಡುಗ, ಅವನ ಹೆಗಲ ಮೇಲೊಂದು ಬೆಕ್ಕು. ಮಕ್ಕಳು ಮುಗಿಬಿದ್ದು ಒಯ್ದರು. ತಿಂಗಳೊಳಗೆ ತಾಯಿಯೊಬ್ಬರು ಪುಸ್ತಕ ಹಿಡಿದುಕೊಂಡು ಪ್ರಿನ್ಸಿಪಾಲರ ಬಳಿ ಬಂದರು. ಒಂದು ಪುಟದಲ್ಲಿ ಗಂಡ ಹೆಂಡತಿ ಮುತ್ತಿಟ್ಟುಕೊಳ್ಳುತ್ತಿದ್ದಾರೆ, ಇದು ಮಕ್ಕಳು ಓದುವಂಥದ್ದೇ ಎಂದು ಕೇಳಿದರು.

ಪ್ರಿನ್ಸಿಪಾಲರು ಇಡೀ ಸರಣಿ ಓದಿ ಅಭಿಪ್ರಾಯ ಹೇಳುವ ಕೆಲಸವನ್ನು ನನಗೆ ಒಪ್ಪಿಸಿದರು.

ಪುಸ್ತಕಗಳನ್ನು ಮನೆಗೆ ಹೊತ್ತು ತಂದೆ. ಮೊದಲ ಮೂರು ಸಂಪುಟ ನಿಜಕ್ಕೂ ಚೆನ್ನಾಗಿದ್ದವು. ಬೆಕ್ಕು ಬುತ್ತಿ ಕದಿಯುವಲ್ಲಿ ಒಬ್ಬಳೇ ಕೂತು ನಕ್ಕೆ. ನಾಲ್ಕನೆಯದರಲ್ಲಿ ಕಥೆಯ ಟೀಚರಮ್ಮನನ್ನು ಖಳ ಹಿಡಿದು ಕಟ್ಟುತ್ತಾನೆ. ಆಮೇಲೆ ಪುಟದ ಮೇಲೆ ಪುಟ, ಅವಳ ಬೆರಳುಗಳು. ಕತ್ತಿಗೆ ಒಂದು ಹೋದ ಮೇಲೆ ಇನ್ನೊಂದು. ಪ್ರತಿ ಸಲ ಅವಳ ಕಣ್ಣನ್ನು ಹತ್ತಿರದಿಂದ, ರೆಪ್ಪೆಯ ಕೂದಲೂ ಬಿಡದೆ ಬರೆದಿದ್ದ ಕಲಾವಿದ. ಅವನಿಗೆ ಅವಸರವೇ ಇರಲಿಲ್ಲ.

ಹಿಂಸೆ ನಮಗೆ ಹೊಸದೇನಲ್ಲ. ಕೀಚಕನನ್ನು ಮಾಂಸದ ಮುದ್ದೆ ಮಾಡಿದ ಕಥೆಯನ್ನು ಅಜ್ಜಿಯ ತೊಡೆಯ ಮೇಲೆ ಮಲಗಿ ಕೇಳಿ ಬೆಳೆದವಳು ನಾನು. ಆದರೆ ಅಲ್ಲಿ ನಾವು ದ್ರೌಪದಿಯ ಪಕ್ಕದಲ್ಲಿರುತ್ತೇವೆ. ಇಲ್ಲಿ ಓದುವವನನ್ನು ಕತ್ತಿ ಹಿಡಿದವನ ಜಾಗದಲ್ಲಿ ನಿಲ್ಲಿಸಿ, ನೋಡು, ಸವಿ ಎನ್ನುತ್ತಿದ್ದ ಕಲಾವಿದ. ಮುಂದಿನ ಸಂಪುಟಗಳಲ್ಲಿ ಹೆಂಗಸರು ಬದಲಾದರು, ಕತ್ತಿ ಮಾತ್ರ ಅದೇ. ಊಟಕ್ಕೆ ಕೂತವಳು ರೊಟ್ಟಿ ಮುರಿಯಲಾರದೆ ಎದ್ದೆ.

"ಬರೇ ಚಿತ್ರ ಅವು. ಅದಕ್ಯಾಕ ಊಟ ಬಿಡ್ತಿ?" ಎಂದರು ನನ್ನ ಯಜಮಾನರು.

"ನೀವೂ ಒಮ್ಮೆ ನೋಡ್ರಿ."

ಎರಡು ಪುಟ ತಿರುವಿ ಅವರು ಪುಸ್ತಕವನ್ನು ಮಗುಚಿ ಇಟ್ಟರು. "ಮೊದ್ಲು ಇದನ್ನ ಮನಿಯಿಂದ ಹೊರಗ ಹಾಕು."

ಮರುವಾರ ಪ್ರಿನ್ಸಿಪಾಲರ ಕೋಣೆಯಲ್ಲಿ ಸಭೆ. ಪುಸ್ತಕ ಕೊಟ್ಟವರೂ ಬಂದಿದ್ದರು, ಹುಬ್ಬಳ್ಳಿ ಕಡೆಯವರು. ಕಂಪನಿಯಿಂದ ಶಾಲೆಗೆ ಕಂಪ್ಯೂಟರ್ ಕೊಡಿಸುತ್ತೇನೆಂದು ಮಾತು ಕೊಟ್ಟಿದ್ದರಿಂದ ಅವರಿಗೆ ಮೊದಲು ಚಹಾ ಬಂತು. ನಾಲ್ಕರಿಂದ ಮುಂದಿನವನ್ನೆಲ್ಲ ತೆಗೆಯಬೇಕು ಎಂದು ನಾನು ಹೇಳಿ, ಆ ಪುಟಗಳನ್ನು ಅವರ ಮುಂದೆಯೇ ತೆರೆದಿಟ್ಟೆ.

ಅವರು ನೋಡಿದರು. ಮುಖ ಸ್ವಲ್ಪ ಇಳಿಯಿತು. "ನಾ ಇಷ್ಟು ಒಳಗ ಓದಿದ್ದಿಲ್ರಿ," ಎಂದವರು, ಚಹಾದ ಕಪ್ಪು ಎತ್ತಿಕೊಂಡು, "ಆದ್ರ ಇದು ಆ್ಯಕ್ಷನ್ ಅಲ್ರಿ? ಈಗಿನ ಹುಡುಗರು ಗೇಮ್ಸ್‌ನಾಗ ಇದಕ್ಕಿಂತ ಹೆಚ್ಚು ನೋಡ್ತಾರ," ಎಂದರು.

ವೈಸ್ ಪ್ರಿನ್ಸಿಪಾಲರು ರಾಯಚೂರಿನವರು, ವಯಸ್ಸಾದವರು, ಲೆಕ್ಕದ ಮೇಷ್ಟ್ರು. ಬೆರಳಿನ ಪುಟಗಳನ್ನು ಸರಸರ ದಾಟಿಸಿ, ಮುತ್ತಿನ ಪುಟದಲ್ಲಿ ನಿಂತರು. ಇನ್ನೊಂದು ಸಂಪುಟದಲ್ಲಿ ತಾಯಿ ಕೂಸಿಗೆ ಹಾಲೂಡಿಸುವ ಚಿತ್ರವಿತ್ತು. ಅಲ್ಲೂ ನಿಂತರು.

"ಈ ಎರಡು ಬ್ಯಾಡ್ರಿ. ಬಿಳಿ ಹಾಳಿ ಹಚ್ಚಿಬಿಡೂಣು. ಉಳಿದದ್ದು ನಡೀತೈತಿ."

"ಸರ್, ಬೆರಳು ಕತ್ತರಿಸೋದು?"

"ಅದರಾಗ ಅಶ್ಲೀಲ ಏನೈತ್ರಿ ಮೇಡಂ? ಆಕಿ ಮೈತುಂಬ ಬಟ್ಟಿ ಅದಾವಲ್ಲ."

ಪ್ರಿನ್ಸಿಪಾಲರು ತಲೆಯಾಡಿಸಿದರು. ಕಂಪ್ಯೂಟರಿನವರು ಕಪ್ಪು ಕೆಳಗಿಟ್ಟು, ಸಭೆ ಬೇಗ ಮುಗಿದದ್ದಕ್ಕೆ ಕೃತಜ್ಞತೆ ಹೇಳಿದರು. ಅವರ ಮಗಳು ನಮ್ಮ ಏಳನೆಯ ತರಗತಿಯಲ್ಲೇ ಓದುತ್ತಿದ್ದಳು.

ಹಾಲೂಡಿಸುವ ತಾಯಿಯ ಮೇಲೆ ಕಾಗದ ಅಂಟಿಸುವುದು ನನ್ನಿಂದ ಆಗದು ಎಂದೆ. ಆ ಪುಸ್ತಕಗಳನ್ನು ಮಕ್ಕಳ ಕೈಗೆ ಕೊಡುವುದೂ ಆಗದು ಎಂದೆ. ಯಾರೂ ಜಗಳವಾಡಲಿಲ್ಲ. ಸೋಮವಾರದಿಂದ ನನ್ನನ್ನು ಕೆಳಗಿನ ಪ್ರೈಮರಿ ವಿಭಾಗಕ್ಕೆ ಹಾಕಿದರು, ಅಷ್ಟೆ. ಆಫೀಸಿನವರು ಕಾಗದ ಅಂಟಿಸಿ ಪುಸ್ತಕಗಳನ್ನು ಮತ್ತೆ ಕಪಾಟಿಗೆ ಸೇರಿಸಿದರು. ಮಕ್ಕಳು ಆ ಬಿಳಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೇನಿದೆಯೆಂದು ನೋಡುತ್ತಿದ್ದರಂತೆ. ಬೆರಳಿನ ಪುಟಗಳನ್ನು ಹಾಗೇ ಓದಿಕೊಂಡು ಮುಂದೆ ಹೋಗುತ್ತಿದ್ದರಂತೆ.

ವೈಸ್ ಪ್ರಿನ್ಸಿಪಾಲರು ಕೆಟ್ಟವರಲ್ಲ. ಸ್ಟಾಫ್ ರೂಮಿನಲ್ಲಿ ದಿನಾ ತಮ್ಮ ಡಬ್ಬಿಯನ್ನು ಎಲ್ಲರ ಮುಂದೆ ಸರಿಸುವವರು. ಸಭೆಯ ಮರುದಿನವೂ ಸರಿಸಿದರು. "ಶೇಂಗಾ ಚಟ್ನಿ ಐತಿ, ತಗೋರಿ ಮೇಡಂ." ಅವರ ಬೆರಳುಗಳು ರೊಟ್ಟಿಯನ್ನು ಚಟ್ನಿಗೆ ಒತ್ತುವುದನ್ನು ಕಂಡದ್ದೇ ನನಗೆ ಬಾಯಲ್ಲಿ ನೀರು ತುಂಬಿ ಓಕರಿಕೆ ಬಂತು. ಬ್ಯಾಡ್ರಿ ಎಂದು ನನ್ನ ಡಬ್ಬಿ ಮುಚ್ಚಿಕೊಂಡು ಕೆಳಗಿಳಿದೆ. ಆ ಶಾಲೆಯಲ್ಲಿ ಇದ್ದಷ್ಟು ದಿನವೂ ಒಂದನೇ ತರಗತಿಯ ಆಯಾಳ ಪಕ್ಕದ ಬೆಂಚಿನಲ್ಲಿ ಕೂತೇ ಉಂಡೆ.